ನಮ್ಮ ಹಳ್ಳದ ನೀರು ಎಲ್ಲಿಗೆ ಹೋಗ್ತದ?

ಜೋರು ಮಳೆ ಬಂತು. ಮಾಳಿಗೆಯ ನೀರು ಅಂಗಳಕ್ಕೆ ಬಿತ್ತು. ಅಂಗಳದಿಂದ ಓಣಿಗೆ, ಓಣಿಯಿಂದ ಹಳ್ಳಕ್ಕೆ ಹೋಯಿತು. ಮುಂದೆ ಎಲ್ಲಿಗೆ ಹೋಗ್ತದ? ಯಾವತ್ತಾದರೂ ವಿಚಾರ ಮಾಡಿದ್ದೀರಾ?

ಒಂದು ಅರಳಿ ಎಲೆ ತಗೊಳ್ಳಿರಿ. ಬೆಳಕಿಗೆ ಹಿಡಿದು ನೋಡಿರಿ. ಸಣ್ಣ ನರ ದೊಡ್ಡ ನರಕ್ಕೆ ಕೂಡಿದೆ. ಎಲ್ಲವೂ ನಡುವಿನ ದಪ್ಪ ನರಕ್ಕೆ ಬಂದು ಸೇರಿವೆ. ನೀರಿನ ದಾರಿಯೂ ಹೀಗೇ. ಹಳ್ಳ ಸಣ್ಣ ಹೊಳೆಗೆ, ಸಣ್ಣ ಹೊಳೆ ದೊಡ್ಡ ಹೊಳೆಗೆ. ದೊಡ್ಡ ಹೊಳೆಗೆ ಬಂದು ಕೂಡುವ ಹೊಳೆಗೆ ಉಪನದಿ ಎನ್ನುತ್ತಾರೆ. ನಮ್ಮ ಸೀಮೆಯ ದಪ್ಪ ನರ ಕೃಷ್ಣಾ.

ಕೃಷ್ಣಾ ಹುಟ್ಟುವುದು ಮಹಾಬಳೇಶ್ವರದ ಗುಡ್ಡದಲ್ಲಿ. ಕರಾಡದಲ್ಲಿ ಕೊಯ್ನಾ ಬಂದು ಕೂಡ್ತದ. ಬ್ರಹ್ಮನಾಳದ ಹತ್ತಿರ ಯೇರಳಾ. ಸಾಂಗಲಿ ದಾಟಿದ ಕೂಡಲೇ ಹರಿಪುರದಲ್ಲಿ ವಾರಣಾ. ಮುಂದೆ ನರಸೋಬಾವಾಡಿಯಲ್ಲಿ ಪಂಚಗಂಗಾ. ದತ್ತನ ದರ್ಶನಕ್ಕೆ ಹೋದವರು ಈ ಕೂಡುವ ಜಾಗ ಕಣ್ಣಾರೆ ಕಂಡಿದ್ದೀರಿ.

ಆರಗದ ಮೂಡಣಕ್ಕೆ ಅಗ್ರಣಿ ಇದೆ. ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟುತ್ತದೆ. ಕವಠೆ ಮಹಾಂಕಾಳ ಸೀಮೆಯಲ್ಲಿ ಹರಿದು, ಅಥಣಿ ತಾಲೂಕಿನಲ್ಲಿ ಕೃಷ್ಣೆಗೆ ಕೂಡ್ತದ. ಬೇಸಿಗೆಯಲ್ಲಿ ನೀರು ಬತ್ತುತ್ತದೆ. ಆದರೆ ಮಳೆ ಬಂದರೆ ಹೊಳೆ ತನ್ನ ದಾರಿ ಮರೆಯುವುದಿಲ್ಲ. ಆ ದಾರಿಯಲ್ಲಿ ಗುಡಿಸಲು ಕಟ್ಟಿದವರಿಗೆ ಇದು ಗೊತ್ತಿರಬೇಕು.

ಎರಡು ಹೊಳೆಗಳ ನಡುವೆ ಎತ್ತರದ ದಿನ್ನಿ ಇರ್ತದ. ಹಂಚಿನ ಮನೆಗೆ ನೆತ್ತಿ ಇದ್ದಂತೆ. ಒಂದು ಹನಿ ಈ ಕಡೆ ಇಳಿದರೆ, ಇನ್ನೊಂದು ಆ ಕಡೆ. ಜತ್ತ ತಾಲೂಕಿನ ಬೋರ ನದಿ ಕೃಷ್ಣೆಯ ಕಡೆ ಬರುವುದಿಲ್ಲ, ಭೀಮೆಗೆ ಹೋಗುತ್ತದೆ. ಆದರೆ ಆ ಭೀಮಾನೂ ರಾಯಚೂರಿನ ಕಡೆ ಕೃಷ್ಣೆಗೇ ಕೂಡ್ತದ! ಬೇರೆಯಾದ ಎರಡು ಹನಿ ಅಷ್ಟು ದೂರ ಹೋಗಿ ಒಂದಾಗುತ್ತವೆ. ಕೊನೆಗೆ ಆಂಧ್ರದಲ್ಲಿ ಸಮುದ್ರ ಸೇರುತ್ತವೆ.

ನೀರು ತಾನಾಗಿ ಇಳಿಯುತ್ತದೆ. ಏರಿಸಬೇಕಾದರೆ ಪಂಪು ಬೇಕು. ಮೈಶಾಳ ಯೋಜನೆ ಕೃಷ್ಣೆಯ ನೀರನ್ನು ಕವಠೆ ಮಹಾಂಕಾಳ, ಜತ್ತದ ಕಡೆ ಎತ್ತುತ್ತದೆ. ಅದಕ್ಕೆ ಕರೆಂಟಿನ ಬಿಲ್ಲು ಬರ್ತದ. ಹಳ್ಳ ಬಿಲ್ಲು ಕಳಿಸೋದಿಲ್ಲ!

"ನಮ್ಮಲ್ಲಿ ಮಳೆ ಇಲ್ಲ, ಹೊಳಿ ಹ್ಯಾಂಗ ಏರ್ತದ?" ಎಂದು ಕೇಳುವವರಿದ್ದಾರೆ. ಮಳೆ ಘಟ್ಟದಲ್ಲಿ ಬಿದ್ದಿರುತ್ತದೆ. ಕೊಯ್ನಾ, ವಾರಣಾ ಎರಡೂ ತುಂಬಿ ಬಂದಿರುತ್ತವೆ. ಹರಿಪುರದಲ್ಲಿ ವಾರಣಾ ಜೋರಾಗಿ ನುಗ್ಗಿದರೆ ಕೃಷ್ಣೆಯ ನೀರಿಗೆ ಮುಂದೆ ಹೋಗಲು ದಾರಿ ಸಾಲದು. ನೀರು ಹಿಂದೆ ನಿಂತು ಸಾಂಗಲಿಗೆ ಹೊಗುತ್ತದೆ. 2005, 2019, 2021ರಲ್ಲಿ ಮಹಾಪೂರ ಬಂತು. ಸಾಂಗಲಿಯ ಐರ್ವಿನ್ ಸೇತುವೆಯಲ್ಲಿ ನೀರಿನ ಮಟ್ಟ ಅಳೆಯುತ್ತಾರೆ. 40 ಅಡಿ ಎಂದರೆ ಎಚ್ಚರಿಕೆ. 45 ಅಡಿ ಎಂದರೆ ಅಪಾಯ. 2019ರ ಆಗಸ್ಟಿನಲ್ಲಿ ನೀರು 57 ಅಡಿ ದಾಟಿತ್ತು. ಈಗ ನಿಮಗೆ ಅಂಕಿ ಓದಲು ಬರುತ್ತದೆ. ಮಳೆಗಾಲದಲ್ಲಿ ಪೇಪರಿನಲ್ಲಿ ಈ ಅಂಕಿ ಹುಡುಕಿರಿ. ಹೊಳೆಸಾಲಿನ ಊರುಗಳಲ್ಲಿ ಬೀಗರಿದ್ದರೆ ಅವರಿಗೆ ಫೋನ್ ಮಾಡಿ ಹೇಳಿರಿ.

ಬರೆಯಿರಿ: ನಿಮ್ಮ ಹೊಲದ ನೀರು ಯಾವ ಹಳ್ಳಕ್ಕೆ ಹೋಗುತ್ತದೆ? ಆ ಹಳ್ಳ ಎಲ್ಲಿ ಕೂಡುತ್ತದೆ? ಗೊತ್ತಿಲ್ಲದಿದ್ದರೆ ಊರಿನ ಹಿರಿಯರನ್ನು ಕೇಳಿರಿ.