ಮಂದ್ರನಾದಕ್ಕೆ ತಕ್ಕ ತಂತಿ

ಕಾಲೇಜಿನ ವಾದ್ಯಗೋಷ್ಠಿಗಳಲ್ಲಿ ಬಾಸ್ ಗಿಟಾರನ್ನು ಕಂಡವರು ಅನೇಕರು. ಅದನ್ನು ಗಮನವಿಟ್ಟು ಕೇಳಿದವರು ಕೆಲವರು. ಮಿಕ್ಕ ವಾದ್ಯಗಳಿಗೆಲ್ಲ ನೆಲಗಟ್ಟಾಗಿ ನಿಂತು ಶ್ರುತಿಯನ್ನೂ ಲಯವನ್ನೂ ಹಿಡಿದಿಡುವುದು ಈ ನಾಲ್ಕು ತಂತಿಗಳ ವಾದ್ಯದ ಕಾರ್ಯ. ಇದನ್ನು ಅಭ್ಯಾಸಮಾಡತೊಡಗಿದ ವಿದ್ಯಾರ್ಥಿಗೆ ಬಹು ಬೇಗನೆ ಒಂದು ಅತೃಪ್ತಿ ಕಾಡುವುದುಂಟು. ಧ್ವನಿಮುದ್ರಿಕೆಗಳಲ್ಲಿ ಅವನು ಕೇಳಿದ ನಾದ ತುಂಬಿಕೊಂಡದ್ದು, ಗಂಭೀರವಾದದ್ದು, ಸ್ನಿಗ್ಧವಾದದ್ದು. ಪಾಶ್ಚಾತ್ಯ ವಾದಕರು ಅದನ್ನು ‘ಬೆಚ್ಚಗಿನ’ ನಾದವೆಂದು ಕರೆಯುತ್ತಾರೆ. ಅವನ ವಾದ್ಯದಿಂದ ಹೊರಡುವುದಾದರೋ ಲೋಹದ ಝಣತ್ಕಾರ. “ದಪ್ಪ ತಂತಿ ಹಾಕು, ದಪ್ಪ ನಾದ ಬರುತ್ತದೆ” ಎಂದು ಗೆಳೆಯರು ಸಲಹೆ ಕೊಡುತ್ತಾರೆ. ಬಾಸ್ ತಂತಿಗಳು ಅಗ್ಗದ ವಸ್ತುಗಳಲ್ಲ. ತಪ್ಪಾಗಿ ಆರಿಸಿದರೆ ವಿದ್ಯಾರ್ಥಿಯ ಕೈಯಲ್ಲಿರುವ ಅಲ್ಪಸ್ವಲ್ಪ ಹಣವೂ ವ್ಯರ್ಥ. ಆದ್ದರಿಂದ ಈ ಸಲಹೆಯಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಭೌತವಿಜ್ಞಾನದ ಸಹಾಯದಿಂದ ಪರಿಶೀಲಿಸೋಣ.

ನಾದದ ಒಳರಚನೆ

ಮೀಟಿದ ತಂತಿ ಒಂದೇ ರೀತಿಯಲ್ಲಿ ಕಂಪಿಸುವುದಿಲ್ಲ. ಇಡೀ ತಂತಿ ಒಂದಾಗಿ ಕಂಪಿಸುವಾಗಲೇ ಅದರ ಎರಡು ಅರ್ಧಗಳೂ, ಮೂರು ಮೂರನೆಯ ಭಾಗಗಳೂ, ನಾಲ್ಕು ಕಾಲುಭಾಗಗಳೂ ಬೇರೆಬೇರೆಯಾಗಿ ಕಂಪಿಸುತ್ತಿರುತ್ತವೆ. ಇಡೀ ತಂತಿಯ ಕಂಪನದಿಂದ ಮೂಲಸ್ವರವೂ ಭಾಗಗಳ ಕಂಪನದಿಂದ ಉಪಸ್ವರಗಳೂ ಹುಟ್ಟುತ್ತವೆ. ಬಾಸ್ ಗಿಟಾರಿನ ಅತ್ಯಂತ ತಗ್ಗಿನ ತಂತಿಯಾದ ‘ಇ’ ತಂತಿಯ ಮೂಲಸ್ವರಕ್ಕೆ ಸೆಕೆಂಡಿಗೆ ಸುಮಾರು ೪೧ ಕಂಪನಗಳು. ಅದರ ಉಪಸ್ವರಗಳಿಗೆ ೮೨, ೧೨೪, ೧೬೫ ಹೀಗೆ ಕಂಪನಗಳು ಏರುತ್ತ ಹೋಗುತ್ತವೆ.

ಒಂದೇ ಶ್ರುತಿಯ ಎರಡು ನಾದಗಳು ಕಿವಿಗೆ ಬೇರೆಯಾಗಿ ಕೇಳಿಸುವುದಕ್ಕೆ ಮುಖ್ಯ ಕಾರಣ ಈ ಉಪಸ್ವರಗಳ ಪ್ರಮಾಣದಲ್ಲಿನ ವ್ಯತ್ಯಾಸ. ಮೇಲಿನ ಉಪಸ್ವರಗಳು ಪ್ರಬಲವಾಗಿದ್ದರೆ ನಾದ ತೀಕ್ಷ್ಣವಾಗುತ್ತದೆ. ಅವು ದುರ್ಬಲವಾಗಿ, ಅಥವಾ ಬೇಗನೆ ಅಡಗಿ, ಮೂಲಸ್ವರವೂ ಮೊದಲ ಎರಡು ಮೂರು ಉಪಸ್ವರಗಳೂ ಪ್ರಧಾನವಾಗಿ ಉಳಿದರೆ ನಾದ ಗಂಭೀರವಾಗುತ್ತದೆ. ನಮ್ಮ ವಿದ್ಯಾರ್ಥಿಗೆ ಬೇಕಾದದ್ದು ಇದೇ. ಹೊಸದೇನನ್ನೋ ನಾದಕ್ಕೆ ಕೂಡಿಸುವುದಕ್ಕಿಂತ ಇರುವುದರಲ್ಲಿ ಕೆಲವನ್ನು ಕಳೆಯುವುದೇ ಇಲ್ಲಿನ ಉಪಾಯ.

ನಮ್ಮ ತಂಬೂರಿಯ ಮಾರ್ಗ ಇದಕ್ಕೆ ನೇರ ವಿರುದ್ಧವಾದುದು. ಅದರ ಅಗಲವಾದ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯನ್ನಿಟ್ಟು ಉಪಸ್ವರಗಳನ್ನು ಬೇಕೆಂದೇ ಎಬ್ಬಿಸುತ್ತೇವೆ. ತಂಬೂರಿ, ವೀಣೆಗಳ ಕುದುರೆಯ ಈ ವಿಶೇಷವನ್ನು ಸಿ. ವಿ. ರಾಮನ್ ಅವರು ೧೯೨೧ರಲ್ಲಿ ವಿವರಿಸಿದರು. ಉಪಸ್ವರಗಳ ಸಮೃದ್ಧಿ ತನ್ನಷ್ಟಕ್ಕೆ ದೋಷವಲ್ಲ. ಯಾವ ಕೆಲಸಕ್ಕೆ ಯಾವ ನಾದ ಎಂಬುದೇ ಮುಖ್ಯ.

ಮರ್ಸೆನ್ನನ ನಿಯಮ

ತಂತಿಯ ಕಂಪನಗಳನ್ನು ಆಳುವ ನಿಯಮಗಳನ್ನು ಫ್ರಾನ್ಸಿನ ಮರೀನ್ ಮರ್ಸೆನ್ ಎಂಬ ವಿದ್ವಾಂಸನು ೧೬೩೬ರಲ್ಲಿ ಪ್ರಕಟಿಸಿದನು. ಸೆಕೆಂಡಿಗೆ ಉಂಟಾಗುವ ಕಂಪನಗಳ ಸಂಖ್ಯೆಯನ್ನು ಆವೃತ್ತಿ ಎನ್ನೋಣ. ಈ ಆವೃತ್ತಿ ತಂತಿಯ ಉದ್ದಕ್ಕೆ ವಿಲೋಮ ಪ್ರಮಾಣದಲ್ಲಿಯೂ, ಬಿಗಿತದ ವರ್ಗಮೂಲಕ್ಕೆ ನೇರ ಪ್ರಮಾಣದಲ್ಲಿಯೂ, ಒಂದು ಮೀಟರ್ ತಂತಿಯ ದ್ರವ್ಯರಾಶಿಯ ವರ್ಗಮೂಲಕ್ಕೆ ವಿಲೋಮ ಪ್ರಮಾಣದಲ್ಲಿಯೂ ಇರುತ್ತದೆ.

ಈ ನಿಯಮವನ್ನು ಅಂಗಡಿಯ ತಂತಿಗಳಿಗೇ ಅನ್ವಯಿಸಿ ನೋಡಬಹುದು. ಬಾಸ್ ಗಿಟಾರಿನ ನಾಲ್ಕು ತಂತಿಗಳೂ ಒಂದೇ ಉದ್ದದವು. ೧೯೫೧ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಹೊರತಂದ ‘ಪ್ರಿಸಿಷನ್ ಬಾಸ್’ ವಾದ್ಯದಲ್ಲಿದ್ದ ೩೪ ಅಂಗುಲ, ಎಂದರೆ ಸುಮಾರು ೮೬ ಸೆಂಟಿಮೀಟರ್, ಇಂದಿಗೂ ವಾಡಿಕೆಯ ಉದ್ದವಾಗಿದೆ. ‘ಜಿ’ ತಂತಿಯ ಆವೃತ್ತಿ ೯೮, ‘ಇ’ ತಂತಿಯದು ೪೧.೨. ಇವೆರಡರ ಅನುಪಾತ ಸುಮಾರು ೨.೩೮. ಎರಡರ ಬಿಗಿತವೂ ಸಮನಾಗಿರಬೇಕಾದರೆ ‘ಇ’ ತಂತಿಯ ದ್ರವ್ಯರಾಶಿ ಈ ಸಂಖ್ಯೆಯ ವರ್ಗದಷ್ಟು, ಎಂದರೆ ಸುಮಾರು ೫.೭ ಪಟ್ಟು, ಹೆಚ್ಚಿರಬೇಕು, ವ್ಯಾಸ ೨.೩೮ ಪಟ್ಟು ಹೆಚ್ಚಿರಬೇಕು. ‘ಜಿ’ ತಂತಿಯ ವ್ಯಾಸ ಅಂಗುಲದ ಸಾವಿರದಲ್ಲಿ ೪೫ ಭಾಗವಾದರೆ ‘ಇ’ ತಂತಿಯದು ೧೦೭ ಭಾಗವಾಗಬೇಕಾಯಿತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಜೊತೆಯ ಮೇಲೆ ೪೫, ೬೫, ೮೫, ೧೦೫ ಎಂಬ ಅಂಕಿಗಳನ್ನು ವಾಚಕರು ಕಾಣಬಹುದು. ಲೆಕ್ಕಕ್ಕೂ ವ್ಯವಹಾರಕ್ಕೂ ಎಷ್ಟು ಹೊಂದಿಕೆ!

ಸುತ್ತಿದ ತಂತಿಯ ಉಪಾಯ

ಇಷ್ಟು ಭಾರವನ್ನು ಒಂದೇ ಉಕ್ಕಿನ ಸರಳಿನಿಂದ ಪಡೆಯಬಾರದೇಕೆ? ‘ಇ’ ತಂತಿಯ ಬಿಗಿತ ಸುಮಾರು ೧೭ ಕಿಲೋಗ್ರಾಂ ಭಾರದಷ್ಟೆಂದು ಹಿಡಿದರೆ, ಅದರ ಪ್ರತಿ ಮೀಟರೂ ೩೩ ಗ್ರಾಂ ತೂಗಬೇಕಾಗುತ್ತದೆ. ಅದಕ್ಕಾಗಿ ೨.೩ ಮಿಲಿಮೀಟರ್ ದಪ್ಪದ ಉಕ್ಕಿನ ಸರಳು ಬೇಕು. ಅದು ತಂತಿಯಂತೆ ಬಳುಕದೆ ಕಂಬಿಯಂತೆ ಸೆಟೆದು ನಿಲ್ಲುತ್ತದೆ. ಬಾಗುವಿಕೆಗೆ ಸರಳು ಒಡ್ಡುವ ವಿರೋಧ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಸಾರವಾಗಿ ಏರುತ್ತದೆ. ವ್ಯಾಸ ಇಮ್ಮಡಿಯಾದರೆ ವಿರೋಧ ೧೬ ಪಟ್ಟು. ಇಂಥ ತಂತಿಯ ಉಪಸ್ವರಗಳು ಮೂಲಸ್ವರದ ಸರಿಯಾದ ಗುಣಕಗಳಾಗದೆ ಮೇಲಕ್ಕೆ ಸರಿದು ಅಪಸ್ವರವಾಗಿ ಕೇಳಿಸುತ್ತವೆ.

ಇದಕ್ಕೆ ಪರಿಹಾರ ಹದಿನೇಳನೆಯ ಶತಮಾನದಲ್ಲೇ ದೊರಕಿತು. ಭಾರ ಹೊರುವುದಕ್ಕೆ ಒಳಗೊಂದು ಸಣ್ಣ ಎಳೆ. ಭಾರ ಕೂಡಿಸುವುದಕ್ಕೆ ಅದರ ಮೇಲೆ ಸುರುಳಿಯಾಗಿ ಸುತ್ತಿದ ಲೋಹದ ತಂತಿ. ಸುರುಳಿ ತೂಕವನ್ನು ಹೆಚ್ಚಿಸುತ್ತದೆ, ಬಾಗುವುದಕ್ಕೆ ಹೆಚ್ಚು ಅಡ್ಡಿ ಮಾಡುವುದಿಲ್ಲ. ಬಾಸ್ ತಂತಿಗಳ ನಾದಗುಣದ ಗುಟ್ಟು ಬಹುಮಟ್ಟಿಗೆ ಈ ಸುತ್ತಿನ ಆಕಾರದಲ್ಲಿದೆ.

ಸುತ್ತಿನ ಬಗೆಗಳು

ಮೊದಲನೆಯದು ದುಂಡು ತಂತಿಯನ್ನು ಸುತ್ತಿದ್ದು. ಇದನ್ನು ರೌಂಡ್‌ವೂಂಡ್ ಎನ್ನುತ್ತಾರೆ. ಬೆರಳಾಡಿಸಿದರೆ ಸಣ್ಣ ಏಣುಗಳು ತಗಲುತ್ತವೆ. ಸುರುಳಿಯ ಸುತ್ತುಗಳು ಸುಲಭವಾಗಿ ಬಳುಕುವುದರಿಂದ ಮೇಲಿನ ಉಪಸ್ವರಗಳು ಬಹುಕಾಲ ಉಳಿಯುತ್ತವೆ. ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ‘ದಿ ಹೂ’ ತಂಡದ ಜಾನ್ ಎಂಟ್ವಿಸಲ್, ಪಿಯಾನೋವಿನಂಥ ಹೊಳಪಿನ ನಾದವನ್ನು ಬಯಸಿ ರೋಟೋಸೌಂಡ್ ಸಂಸ್ಥೆಯೊಡನೆ ಸೇರಿ ರೂಪಿಸಿದ್ದು ಈ ಜಾತಿಯ ತಂತಿಗಳನ್ನು.

ಎರಡನೆಯದು ಫ್ಲಾಟ್‌ವೂಂಡ್. ಇದರಲ್ಲಿ ಹೊರಗಿನ ಸುತ್ತು ಚಪ್ಪಟೆಯಾದ ಲೋಹದ ಪಟ್ಟಿ. ಪಟ್ಟಿಯ ಅಂಚುಗಳು ಒಂದಕ್ಕೊಂದು ತಗಲಿ ತಂತಿಯ ಮೈ ನುಣುಪಾಗಿರುತ್ತದೆ. ತಂತಿ ಬಾಗಿದಾಗಲೆಲ್ಲ ಈ ಅಂಚುಗಳು ಉಜ್ಜಿಕೊಳ್ಳುತ್ತವೆ. ಮೇಲಿನ ಉಪಸ್ವರಗಳಲ್ಲಿ ತಂತಿ ಸಣ್ಣ ಸಣ್ಣ ಭಾಗಗಳಾಗಿ ಹೆಚ್ಚು ಬಾಗುವುದರಿಂದ ಘರ್ಷಣೆಯ ನಷ್ಟ ಅವುಗಳಿಗೇ ಅಧಿಕ; ಅವು ಬೇಗ ಅಡಗುತ್ತವೆ. ಬೆರಳು ಜಾರುವಾಗಿನ ಕೀಚಲು ಸದ್ದೂ ಇರುವುದಿಲ್ಲ.

ಇವೆರಡರ ನಡುವಣದು ದುಂಡು ಸುತ್ತಿನ ಮೇಲ್ಮೈಯನ್ನು ಉಜ್ಜಿ ಅರೆಚಪ್ಪಟೆ ಮಾಡಿದ ತಂತಿ. ಲೋಹದ ಸುತ್ತಿನ ಮೇಲೆ ನೈಲಾನ್ ಪಟ್ಟಿಯನ್ನು ಹೊದಿಸಿದ ಜಾತಿಯೂ ಉಂಟು. ಅದರ ನಾದ ಬಹಳ ಮೃದು.

ಸುತ್ತಿನ ಲೋಹಕ್ಕೂ ಸ್ವಲ್ಪ ಮಹತ್ವವಿದೆ. ತಂತಿಯ ಕೆಳಗಿರುವ ಅಯಸ್ಕಾಂತ ಹಾಗೂ ತಾಮ್ರದ ಸುರುಳಿ ತಂತಿಯ ಚಲನೆಯನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಆದ್ದರಿಂದ ತಂತಿಯಲ್ಲಿ ಅಯಸ್ಕಾಂತಕ್ಕೆ ಸ್ಪಂದಿಸುವ ಲೋಹ ಇರಲೇಬೇಕು. ಗಟ್ಟಿಯಾದ ಕಲೆರಹಿತ ಉಕ್ಕಿನ ನಾದ ತೀಕ್ಷ್ಣ, ಶುದ್ಧ ನಿಕ್ಕಲ್ಲಿನದು ಮೃದು, ನಿಕ್ಕಲ್ ಲೇಪಿಸಿದ ಉಕ್ಕಿನದು ಮಧ್ಯಮ.

ದಪ್ಪ ತಂತಿಯ ಲಾಭನಷ್ಟ

ಇನ್ನು ಗೆಳೆಯರ ಸಲಹೆಗೆ ಬರೋಣ. ೧೦೫ರ ಬದಲು ೧೧೦ರ ತಂತಿಯನ್ನು ಹಾಕಿದರೆ ದ್ರವ್ಯರಾಶಿ ಸುಮಾರು ಶೇಕಡ ೧೦ರಷ್ಟು ಹೆಚ್ಚುತ್ತದೆ. ಶ್ರುತಿ ಅದೇ ಇರಬೇಕಾದ್ದರಿಂದ ಬಿಗಿತವನ್ನೂ ಅಷ್ಟೇ ಹೆಚ್ಚಿಸಬೇಕು. ಬಿಗಿಯಾದ ತಂತಿ ಜೋರಾಗಿ ಮೀಟಿದರೂ ಮೆಟ್ಟಿಲುಗಳಿಗೆ ಬಡಿಯುವುದು ಕಡಿಮೆ. ನಾದ ಸ್ಥಿರವಾಗಿ, ತುಂಬಿಕೊಂಡು ಕೇಳಿಸುತ್ತದೆ. ಸಲಹೆಯಲ್ಲಿ ಇಷ್ಟು ನಿಜವಿದೆ. ಆದರೆ ಹೊಸ ದುಂಡುಸುತ್ತಿನ ತಂತಿ ಎಷ್ಟೇ ದಪ್ಪವಾಗಿದ್ದರೂ ಝಣತ್ಕಾರವನ್ನು ಬಿಡುವುದಿಲ್ಲ. ನಾಲ್ಕು ತಂತಿಗಳೂ ಸೇರಿ ವಾದ್ಯದ ದಂಡಿಯನ್ನು ಎಳೆಯುವ ಬಲ ಮೊದಲೇ ೭೦–೮೦ ಕಿಲೋಗ್ರಾಂ ಭಾರದಷ್ಟಿರುತ್ತದೆ. ಅದನ್ನು ಹೆಚ್ಚಿಸಿದಾಗ ದಂಡಿ ಬಾಗಬಹುದು. ಒಳಗಿನ ಉಕ್ಕಿನ ಸರಳನ್ನು ತಿಳಿದವರಿಂದ ಸರಿಪಡಿಸಿಕೊಳ್ಳಬೇಕಾಗುತ್ತದೆ. ಎಳೆಯ ಬೆರಳುಗಳಿಗೂ ಶ್ರಮ ಹೆಚ್ಚು. ಆದುದರಿಂದ ಮೊದಲು ಸುತ್ತನ್ನು ಬದಲಾಯಿಸಿ, ಆಮೇಲೆ ದಪ್ಪವನ್ನು ಯೋಚಿಸುವುದು ಸರಿಯಾದ ಕ್ರಮ.

ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಧ್ವನಿಮುದ್ರಿಕೆಗಳಲ್ಲಿ ೧೯೬೦ರ ದಶಕದುದ್ದಕ್ಕೂ ಬಾಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಇದಕ್ಕೆ ಒಳ್ಳೆಯ ನಿದರ್ಶನ. ಅವರದು ಭಾರವಾದ ಚಪ್ಪಟೆಸುತ್ತಿನ ತಂತಿಗಳು. ಅವನ್ನು ಬದಲಾಯಿಸುತ್ತಿದ್ದುದೂ ಅಪರೂಪ. ಕುದುರೆಯ ಮುಚ್ಚಳದ ಕೆಳಗೆ ಸ್ಪಂಜಿನಂಥ ಮೆತ್ತೆಯಿದ್ದು ಅದು ತಂತಿಗಳನ್ನು ಒತ್ತಿ ಹಿಡಿಯುತ್ತಿತ್ತು. ದಪ್ಪ, ಸುತ್ತು, ಹಳತನ, ಮೆತ್ತೆ, ಇವೆಲ್ಲ ಕೂಡಿ ಆ ಪ್ರಸಿದ್ಧ ನಾದ ಹುಟ್ಟಿತು.

ಹಳತನವೂ ಮೃದುತ್ವಕ್ಕೆ ಕಾರಣವಾಗುವುದೇಕೆ? ಬೆವರು, ಚರ್ಮದ ಜಿಡ್ಡು, ಧೂಳುಗಳು ಸುತ್ತುಗಳ ಸಂದಿನಲ್ಲಿ ಸೇರಿ ಘರ್ಷಣೆಯನ್ನು ಹೆಚ್ಚಿಸುತ್ತವೆ. ಆದರೆ ಕೊಳೆ ಒಂದೆಡೆ ಹೆಚ್ಚು ಒಂದೆಡೆ ಕಡಿಮೆ ಸೇರಿದರೆ ತಂತಿಯ ಭಾರ ಎಲ್ಲೆಡೆ ಸಮನಾಗಿರದೆ ಶ್ರುತಿ ಕೆಡುತ್ತದೆ. ಆದ್ದರಿಂದ ತುಕ್ಕು ಹಿಡಿದ ತಂತಿಯನ್ನು ಗಾಂಭೀರ್ಯದ ನೆಪದಲ್ಲಿ ಇಟ್ಟುಕೊಳ್ಳುವುದು ಸಲ್ಲದು.

ಕೊಳ್ಳುವ ಮುನ್ನ

ಹಣ ಖರ್ಚುಮಾಡುವ ಮೊದಲು ವಿದ್ಯಾರ್ಥಿಗಳು ಎರಡು ಪ್ರಯೋಗಗಳನ್ನು ಮಾಡಿ ನೋಡಲಿ. ತಂತಿಯನ್ನು ಕುದುರೆಯ ಹತ್ತಿರ ಒಮ್ಮೆ, ದಂಡಿಯ ಕಡೆ ಸರಿದು ಒಮ್ಮೆ ಮೀಟಿರಿ. ಎರಡನೆಯ ನಾದ ಎಷ್ಟೋ ಗಂಭೀರವಾಗಿರುತ್ತದೆ. ತಂತಿಯ ನಡುವಿಗೆ ಹತ್ತಿರವಾದಂತೆ ಮೇಲಿನ ಉಪಸ್ವರಗಳು ಕ್ಷೀಣಿಸುತ್ತವೆ. ಬಳಿಕ ಕುದುರೆಯ ಪಕ್ಕದಲ್ಲಿ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜನ್ನು ಮೆಲ್ಲಗೆ ತಗಲುವಂತೆ ಸೇರಿಸಿ ಕೇಳಿರಿ. ಇಷ್ಟರಿಂದಲೇ ತೃಪ್ತಿಯಾದರೆ ಹೊಸ ತಂತಿಯ ಅಗತ್ಯವೇ ಇಲ್ಲ. ಆಗದಿದ್ದರೆ ಈಗಿರುವ ದಪ್ಪದಲ್ಲೇ ಚಪ್ಪಟೆಸುತ್ತಿನ ಒಂದು ಜೊತೆಯನ್ನು, ವಾದ್ಯದ ಉದ್ದವನ್ನು ಅಳೆದು, ಪೊಟ್ಟಣದ ಮೇಲಿನ ಬಿಗಿತದ ಅಂಕಿಗಳನ್ನು ಓದಿ ಕೊಳ್ಳಬಹುದು.

ಒಂದು ಎಚ್ಚರಿಕೆ ಅವಶ್ಯಕ. ಚಿಕ್ಕ ಧ್ವನಿವರ್ಧಕಗಳು ೪೧ ಕಂಪನಗಳ ಮೂಲಸ್ವರವನ್ನು ಚೆನ್ನಾಗಿ ಹೊರಡಿಸಲಾರವು. ಉಪಸ್ವರಗಳನ್ನು ಕೇಳಿಯೇ ನಮ್ಮ ಕಿವಿ, ಮಿದುಳುಗಳು ಮೂಲಸ್ವರವನ್ನು ಊಹಿಸಿಕೊಳ್ಳುತ್ತವೆ. ಉಪಸ್ವರಗಳನ್ನೆಲ್ಲ ಅಡಗಿಸಿಬಿಟ್ಟರೆ ಗಾಂಭೀರ್ಯದ ಬದಲು ಮಬ್ಬು ಉಳಿದೀತು. ಗೋಷ್ಠಿಯಲ್ಲಿ ಬಾಸ್ ಕೇಳಿಸದೆಯೇ ಹೋದೀತು. ಎಷ್ಟನ್ನು ಕಳೆಯಬೇಕು, ಎಷ್ಟನ್ನು ಉಳಿಸಬೇಕು ಎಂಬುದನ್ನು ಕೊನೆಗೆ ನಿರ್ಣಯಿಸುವುದು ಕಿವಿಯೇ. ಅದು ಯಾವುದನ್ನು ಗಮನಿಸಬೇಕೆಂಬುದನ್ನು ತಿಳಿಸುವಷ್ಟು ಸಹಾಯವನ್ನು ಭೌತವಿಜ್ಞಾನ ಮಾಡಬಲ್ಲದು.