ಲ.ಸಾ.ಅ. ಮತ್ತು ಮ.ಸಾ.ಅ.: ಹಂತ ಹಂತವಾಗಿ

• 12ಕ್ಕೆ 4 ಅಪವರ್ತನ, 36 ಅಪವರ್ತ್ಯ. ಮ.ಸಾ.ಅ. ಎಂದರೆ ಮಹತ್ತಮ ಸಾಮಾನ್ಯ ಅಪವರ್ತನ, ಲ.ಸಾ.ಅ. ಎಂದರೆ ಲಘುತಮ ಸಾಮಾನ್ಯ ಅಪವರ್ತ್ಯ.
• ಮ.ಸಾ.ಅ. ಅತಿ ಚಿಕ್ಕ ಸಂಖ್ಯೆಯನ್ನು ಮೀರದು, ಲ.ಸಾ.ಅ. ಅತಿ ದೊಡ್ಡದಕ್ಕಿಂತ ಕಡಿಮೆಯಾಗದು. ಹಲವು ತಪ್ಪು ಆಯ್ಕೆಗಳು ಇಲ್ಲೇ ಬಿದ್ದುಹೋಗುತ್ತವೆ.
• ಸಹ-ಅವಿಭಾಜ್ಯಗಳ ಮ.ಸಾ.ಅ. 1. ಅವು ಅವಿಭಾಜ್ಯಗಳೇ ಆಗಬೇಕಿಲ್ಲ: 8, 9.

ಮಾದರಿ: 24 ಮತ್ತು 36
1. 24 = 2³ × 3; 36 = 2² × 3²
2. ಮ.ಸಾ.ಅ.: ಎರಡರಲ್ಲೂ ಇರುವ ಅವಿಭಾಜ್ಯಗಳ ಕನಿಷ್ಠ ಘಾತ. 2² × 3 = 12
3. ಲ.ಸಾ.ಅ.: ಎಲ್ಲ ಅವಿಭಾಜ್ಯಗಳ ಗರಿಷ್ಠ ಘಾತ. 2³ × 3² = 72
4. ತಾಳೆ: 12 × 72 = 864 = 24 × 36

ಎಚ್ಚರ: ನಾಲ್ಕನೇ ಹಂತದ ಸೂತ್ರ ಎರಡು ಸಂಖ್ಯೆಗಳಿಗೆ ಖಚಿತ, ಮೂರಕ್ಕೆ ಹಾಕಬೇಡಿ. 2, 4, 8ರಲ್ಲಿ ಮ.ಸಾ.ಅ. × ಲ.ಸಾ.ಅ. = 16, ಸಂಖ್ಯೆಗಳ ಗುಣಲಬ್ಧ 64.

ವಾಕ್ಯರೂಪದ ಲೆಕ್ಕ (ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ)
• ಗಂಟೆಗಳು ಮತ್ತೆ ಒಟ್ಟಿಗೆ ಬಾರಿಸುವುದು ಯಾವಾಗ: ಲ.ಸಾ.ಅ.
• ನೆಲಕ್ಕೆ ಕತ್ತರಿಸದೆ ಹಾಕಬಹುದಾದ ಅತಿ ದೊಡ್ಡ ಚೌಕ ಟೈಲ್: ಮ.ಸಾ.ಅ.
• 6, 8, 12ರಿಂದ ಭಾಗಿಸಿದಾಗ ಶೇಷ 5 ಬರುವ ಅತಿ ಚಿಕ್ಕ ಸಂಖ್ಯೆ: ಲ.ಸಾ.ಅ. 24 + 5 = 29. ನಿಜಕ್ಕೆ 5 ಕೂಡ ಷರತ್ತಿಗೆ ಹೊಂದುತ್ತದೆ. ಆಯ್ಕೆಗಳನ್ನು ನೋಡಿ ನಿರ್ಧರಿಸಿ.
• 4, 5, 6ರಿಂದ ಭಾಗಿಸಿದಾಗ ಶೇಷ ಕ್ರಮವಾಗಿ 3, 4, 5 ಬರುವ ಅತಿ ಚಿಕ್ಕ ಸಂಖ್ಯೆ: ಪ್ರತಿ ಬಾರಿ ಕೊರತೆ 1. ಹಾಗಾಗಿ ಲ.ಸಾ.ಅ. 60 − 1 = 59.

ಭಿನ್ನರಾಶಿ (ಮೊದಲು ಸಂಕ್ಷಿಪ್ತ ರೂಪಕ್ಕೆ ತನ್ನಿ)
• ಲ.ಸಾ.ಅ. = ಅಂಶಗಳ ಲ.ಸಾ.ಅ. ÷ ಛೇದಗಳ ಮ.ಸಾ.ಅ.
• ಮ.ಸಾ.ಅ. = ಅಂಶಗಳ ಮ.ಸಾ.ಅ. ÷ ಛೇದಗಳ ಲ.ಸಾ.ಅ.
• 2/3, 4/9: ಲ.ಸಾ.ಅ. 4/3, ಮ.ಸಾ.ಅ. 2/9.