ಗಡಿಯಾರ ಸರಿ ಇದ್ಯಾ, ಮಗಾ?

ಹೋದ ಸೆಮಿಸ್ಟರ್, ಮಿನಿ ಪ್ರಾಜೆಕ್ಟ್ ಡೆಮೊ ಹಿಂದಿನ ರಾತ್ರಿ. ನಮ್ಮ ಹತ್ರ ಎರಡು ಸಣ್ಣ ಬೋರ್ಡ್‌ಗಳು. ಒಂದು ಸೆನ್ಸರ್ ಡೇಟಾ ಕಳಿಸಬೇಕು, ಇನ್ನೊಂದು ತಗೋಬೇಕು. ಲಾಗ್ ತೆಗೆದು ನೋಡಿದ್ರೆ ಮೆಸೇಜ್ ಕಳಿಸೋಕೆ ಮುಂಚೆನೇ ತಲುಪಿಬಿಟ್ಟಿದೆ! "ನಿನ್ನ ಕೋಡೇ ತಪ್ಪು ಮಗಾ" ಅಂತ ರೂಮ್‌ಮೇಟ್ ಮೇಲೆ ಮೂರು ಗಂಟೆ ಕೂಗಾಡಿದೆ. ಕೊನೆಗೆ ನೋಡಿದ್ರೆ ಕೋಡ್ ಸರಿಯಾಗೇ ಇತ್ತು. ಎರಡು ಬೋರ್ಡ್‌ಗಳ ಗಡಿಯಾರ ಬೇರೆ ಬೇರೆ ಟೈಮ್ ತೋರಿಸ್ತಿತ್ತು, ಅಷ್ಟೇ.

ಗಡಿಯಾರ ಯಾಕೆ ತಪ್ಪುತ್ತೆ? ಅದರೊಳಗೆ ಇರೋದು ಒಂದು ಕ್ವಾರ್ಟ್ಜ್ ಹರಳು. ಸಾಮಾನ್ಯವಾಗಿ ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಬಿಸಿ ಏರಿಳಿದರೆ ಈ ಲೆಕ್ಕ ಸ್ವಲ್ಪ ಬದಲಾಗುತ್ತೆ. ಹತ್ತು ಲಕ್ಷಕ್ಕೆ ಬರೀ 20 ಭಾಗ ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡ್ ವ್ಯತ್ಯಾಸ.

ಇದಕ್ಕೆ ಮದ್ದು ಎನ್‌ಟಿಪಿ, ಅಂದ್ರೆ ನೆಟ್‌ವರ್ಕ್ ಟೈಮ್ ಪ್ರೋಟೊಕಾಲ್. ಇದನ್ನು ರೂಪಿಸಿದವರು ಅಮೆರಿಕದ ಡೇವಿಡ್ ಮಿಲ್ಸ್. 1985ರಲ್ಲಿ ಇದರ ಮೊದಲ ವಿವರಣೆ ಪ್ರಕಟವಾಯಿತು. ಇವತ್ತಿಗೂ ಯುಡಿಪಿ ಪೋರ್ಟ್ 123ರಲ್ಲಿ ಓಡ್ತಾ ಇದೆ.

"ಸರ್ವರ್‌ನ ಟೈಮ್ ಕೇಳಿ ಹಾಕ್ಕೊಂಡ್ರೆ ಆಯ್ತಲ್ವಾ?" ಅನ್ನಬಹುದು. ಆಗಲ್ಲ. ಉತ್ತರ ನಮ್ಮ ಹತ್ರ ಬರೋ ಹೊತ್ತಿಗೆ ಅದು ಹಳೇ ಟೈಮ್ ಆಗಿರುತ್ತೆ. ಅದಕ್ಕೇ ಎನ್‌ಟಿಪಿ ನಾಲ್ಕು ಟೈಮ್ ಬರೆದಿಟ್ಟುಕೊಳ್ಳುತ್ತೆ. ಒಂದು ಉದಾಹರಣೆ, ಎಲ್ಲಾ ಮಿಲಿಸೆಕೆಂಡ್‌ನಲ್ಲಿ:

ನಾವು ಕಳಿಸಿದ್ದು (ನಮ್ಮ ಗಡಿಯಾರ): 100
ಸರ್ವರ್‌ಗೆ ತಲುಪಿದ್ದು (ಅದರ ಗಡಿಯಾರ): 160
ಸರ್ವರ್ ಉತ್ತರ ಕಳಿಸಿದ್ದು (ಅದರ ಗಡಿಯಾರ): 165
ನಮಗೆ ತಲುಪಿದ್ದು (ನಮ್ಮ ಗಡಿಯಾರ): 125

ನಾವು ಕಾದಿದ್ದು 25. ಅದರಲ್ಲಿ ಸರ್ವರ್ ಒಳಗೆ ಕಳೆದದ್ದು 5. ಹಾಗಾದ್ರೆ ದಾರಿಯಲ್ಲಿ ಹೋಗಿ ಬರೋಕೆ 20. ಈಗ ಗಡಿಯಾರದ ವ್ಯತ್ಯಾಸ: ಹೋಗುವಾಗ 160 − 100 = 60, ಬರುವಾಗ 165 − 125 = 40. ಎರಡರ ಸರಾಸರಿ 50. ಅಂದ್ರೆ ನಮ್ಮ ಗಡಿಯಾರ 50 ಮಿಲಿಸೆಕೆಂಡ್ ಹಿಂದಿದೆ.

ಇಲ್ಲೊಂದು ಊಹೆ ಅಡಗಿದೆ: ಹೋಗೋಕೂ ಬರೋಕೂ ಒಂದೇ ಸಮಯ ಹಿಡಿಯುತ್ತೆ ಅನ್ನೋದು. ಹೋಗೋಕೆ 15, ಬರೋಕೆ 5 ಆಗಿದ್ರೆ ಉತ್ತರ 55 ಬರುತ್ತೆ, 5 ತಪ್ಪು. ಆದರೆ ದಾರಿಯ ಒಟ್ಟು ಸಮಯದ ಅರ್ಧಕ್ಕಿಂತ ಜಾಸ್ತಿ ಈ ತಪ್ಪು ಆಗಲ್ಲ. ಅದಕ್ಕೇ ಹತ್ತಿರದ ಸರ್ವರ್ ಒಳ್ಳೇದು, ಒಂದರ ಬದಲು ಮೂರ್ನಾಲ್ಕು ಸರ್ವರ್ ಕೇಳೋದು ಇನ್ನೂ ಒಳ್ಳೇದು.

ಇನ್ನೊಂದು ಜಾಣತನ ಇದೆ. ವ್ಯತ್ಯಾಸ ಸಣ್ಣದಿದ್ರೆ ಎನ್‌ಟಿಪಿ ಗಡಿಯಾರವನ್ನು ಥಟ್ಟಂತ ಬದಲಾಯಿಸಲ್ಲ, ಸ್ವಲ್ಪ ಬೇಗ ಅಥವಾ ನಿಧಾನ ಓಡಿಸಿ ಸರಿಮಾಡುತ್ತೆ. ಇಲ್ಲದಿದ್ರೆ ಟೈಮ್ ಹಿಂದಕ್ಕೆ ಜಿಗಿದು ಲಾಗ್‌ಗಳು ಮತ್ತೆ ಕಲಸುಮೇಲೋಗರ!

ನಮ್ಮ ಬೋರ್ಡ್‌ಗಳಲ್ಲಿ ಬ್ಯಾಟರಿ ಇರೋ ಗಡಿಯಾರವೇ ಇರಲಿಲ್ಲ, ನೆಟ್ ಕೂಡ ಕೊಟ್ಟಿರಲಿಲ್ಲ. ಎರಡನ್ನೂ ನನ್ನ ಲ್ಯಾಪ್‌ಟಾಪ್‌ಗೆ ಕನೆಕ್ಟ್ ಮಾಡಿ, ಅದನ್ನೇ ಟೈಮ್ ಸರ್ವರ್ ಮಾಡಿದ್ವಿ. ಲಾಗ್ ಸರಿಹೋಯ್ತು.

ಬೆಳಗಿನ ಜಾವ ರೂಮ್‌ಮೇಟ್‌ಗೆ ಸಾರಿ ಕೇಳಿ ಟೀ ಕೊಡಿಸಿದೆ. ನೀವೂ ಫ್ರೆಂಡ್ ಕೋಡ್ ಮೇಲೆ ರೇಗೋಕೆ ಮುಂಚೆ ಒಂದ್ಸಲ ಗಡಿಯಾರ ನೋಡ್ಕೊಳ್ಳಿ.